ರಿಯಾಕ್ಟರ್: ಒಂದು ಪದದ ಖಾತೆ



ವಿಜ್ಞಾನದ ಪದವೊಂದರ ಇತಿಹಾಸ ಹೇಳಲು ಚಾರ್ಟರ್ಡ್ ಅಕೌಂಟೆಂಟ್ ಒಬ್ಬನನ್ನು ಕರೆದಿದ್ದೀರಿ. ನನಗೆ ಭೌತಶಾಸ್ತ್ರ ಬರುವುದಿಲ್ಲ. ಒಂದು ಶೀರ್ಷಿಕೆಯ ಕೆಳಗೆ ಯಾರು ಏನೇನು ಬರೆದಿದ್ದಾರೆ ಎಂದು ಕೆದಕಿ ನೋಡುವುದು ಮಾತ್ರ ಬರುತ್ತದೆ. ಇವತ್ತೂ ಅಷ್ಟನ್ನೇ ಮಾಡುತ್ತೇನೆ.

2020ರ ಜನವರಿ 12, ಭಾನುವಾರ. ಆಗ ಒಂಟಾರಿಯೊದಲ್ಲಿದ್ದವರು ಆ ಬೆಳಗನ್ನು ಮರೆತಿರಲಿಕ್ಕಿಲ್ಲ. ಏಳೂವರೆ ಕೂಡ ಆಗಿರಲಿಲ್ಲ, ಮನೆಯ ಫೋನುಗಳೆಲ್ಲ ಒಟ್ಟಿಗೆ ಅರಚಿಕೊಂಡವು. ಪಿಕರಿಂಗ್ ಅಣು ವಿದ್ಯುತ್ ಕೇಂದ್ರದಲ್ಲಿ ಘಟನೆಯೊಂದು ವರದಿಯಾಗಿದೆ ಎಂಬ ಸಂದೇಶ. ಅದು ತಪ್ಪಾಗಿ ಬಂದದ್ದು, ಕೇಂದ್ರದಲ್ಲಿ ಏನೂ ಆಗಿಲ್ಲ ಎಂದು ಫೋನಿಗೆ ಇನ್ನೊಂದು ಸಂದೇಶ ಬರುವಷ್ಟರಲ್ಲಿ ಸುಮಾರು ಎರಡು ಗಂಟೆ ಕಳೆದಿತ್ತು. ಯಲ್ಲಾಪುರದಿಂದ ಬಂದಿದ್ದ ಅಮ್ಮ ಆಗ ನಮ್ಮ ಜೊತೆಗಿದ್ದರು. ಕಾಫಿ ಲೋಟ ಕೆಳಗಿಟ್ಟು ಅವರು ಕೇಳಿದ್ದು ಒಂದೇ ಮಾತು: "ರಿಯಾಕ್ಟರ್ ಒಡೀತಾ ತಮ್ಮಾ?"

ಇಂಗ್ಲಿಷ್ ಓದದ ಅಮ್ಮನ ಬಾಯಲ್ಲಿ ಆ ಪದ ಸಲೀಸಾಗಿ ಬಂತು. ನಾನು ಅದನ್ನು ಕಲಿತದ್ದೂ ಅವರಿಂದಲೇ. ನಮ್ಮ ಕಡೆ ರಿಯಾಕ್ಟರ್ ಅಂದರೆ ಕೈಗಾ, ಅಷ್ಟೇ. ಉಳಿದಂತೆ ಮಾತ್ರೆ ನುಂಗಿ ಮೈಮೇಲೆ ದದ್ದು ಎದ್ದರೆ "ರಿಯಾಕ್ಷನ್ ಆಯ್ತು" ಅನ್ನುತ್ತಿದ್ದೆವು. ಒಟ್ಟಿನಲ್ಲಿ ಆ ಪದಕ್ಕೆ ಸೇರಿದ್ದೆಲ್ಲ ಅಪಾಯವೇ.

ಹಾಗಾಗಿ ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡುವಾಗ ಒಂದು ವಿದ್ಯುತ್ ಸಬ್‌ಸ್ಟೇಷನ್ನಿನ ಸ್ಥಿರಾಸ್ತಿ ರಿಜಿಸ್ಟರಿನಲ್ಲಿ "ರಿಯಾಕ್ಟರ್ – 2" ಎಂಬ ಸಾಲು ಕಂಡಾಗ ನನಗೆ ಬೆವರು ಬಂತು. ಆಸ್ತಿಯನ್ನು ಕಣ್ಣಾರೆ ನೋಡಿ ಟಿಕ್ ಹಾಕಬೇಕಿತ್ತು. ಹತ್ತಿರ ಹೋಗಬಹುದೇ ಎಂದು ಅಲ್ಲಿನ ಎಂಜಿನಿಯರನ್ನು ಕೇಳಿದೆ. ಅವರು ನಗು ತಡೆದುಕೊಂಡು ತೋರಿಸಿದ್ದು ಟ್ರಾನ್ಸ್‌ಫಾರ್ಮರಿನಂಥದೇ ಒಂದು ಎಣ್ಣೆ ತೊಟ್ಟಿ. ಒಳಗಿರುವುದು ತಂತಿಯ ಸುರುಳಿ. ರಾತ್ರಿ ಬಳಕೆ ಕಡಿಮೆಯಾದಾಗ ಉದ್ದನೆಯ ಹೈವೋಲ್ಟೇಜ್ ಲೈನಿನಲ್ಲಿ ವೋಲ್ಟೇಜ್ ಏರುತ್ತದೆ, ಈ ಸುರುಳಿ ಅದನ್ನು ತಗ್ಗಿಸಿ ಹಿಡಿಯುತ್ತದೆ. ಮುಂದೆ ಬೀದರಿನ ಔಷಧಿ ಕಾರ್ಖಾನೆಯೊಂದರಲ್ಲಿ ಹತ್ತಾರು ರಿಯಾಕ್ಟರುಗಳನ್ನು ಎಣಿಸಿದೆ. ಅವು ಒಳಗೆ ಕಡೆಯುವ ರೆಕ್ಕೆ, ಹೊರಗೆ ಹಬೆ ಅಥವಾ ತಣ್ಣೀರು ಹರಿಯುವ ಕವಚ ಇರುವ ಸ್ಟೀಲಿನ ಹಂಡೆಗಳು. ಗಲ್ಫಿನ ಪೆಟ್ರೋಕೆಮಿಕಲ್ ಕಾರ್ಖಾನೆಗಳಲ್ಲಿ ದುಡಿದು ಇಲ್ಲಿಗೆ ಬಂದ ನಿಮ್ಮಲ್ಲಿ ಕೆಲವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಹಂಡೆ ಕ್ರಿಯೆಯನ್ನು ನಡೆಸುತ್ತದೆ, ಸುರುಳಿ ಬದಲಾವಣೆಗೆ ಅಡ್ಡ ನಿಲ್ಲುತ್ತದೆ. ಕೆಲಸ ಬೇರೆ, ಹೆಸರು ಒಂದೇ. ಸುರುಳಿಯ ಕಡೆಯ ಅರ್ಥವೂ ಹಳೆಯದೇ. ವಿದ್ಯುತ್ತಿನವರು 'ರಿಯಾಕ್ಟೆನ್ಸ್' ಎಂಬ ಪದವನ್ನು 1890ರ ದಶಕದಲ್ಲೇ ಬಳಕೆಗೆ ತಂದಿದ್ದರು. ಅಣುವಿನವರು ಬಂದದ್ದು ಆಮೇಲೆ. ಬಂದಾಗ ಅವರ ಕೈಯಲ್ಲಿ ಈ ಪದವೂ ಇರಲಿಲ್ಲ.

1942ರ ಡಿಸೆಂಬರ್ 2ರಂದು ಶಿಕಾಗೋದ ಕ್ರೀಡಾಂಗಣವೊಂದರ ಮೆಟ್ಟಿಲುಗಳ ಕೆಳಗೆ ಎನ್ರಿಕೊ ಫರ್ಮಿಯವರ ತಂಡ ಮೊದಲ ಬಾರಿಗೆ ನಿಯಂತ್ರಿತ ಸರಪಳಿ ಕ್ರಿಯೆಯನ್ನು ನಡೆಸಿತು. ಅಲ್ಲಿದ್ದದ್ದು ಗ್ರಾಫೈಟ್ ಇಟ್ಟಿಗೆ ಮತ್ತು ಯುರೇನಿಯಂ ಪೇರಿಸಿಟ್ಟ ದೊಡ್ಡ ಒಟ್ಟಿಲು. ಅದಕ್ಕೇ ಅದು 'ಪೈಲ್', ಅಂದರೆ ರಾಶಿ. ನಮ್ಮ ಒಂಟಾರಿಯೊದ ಚಾಕ್ ರಿವರ್‌ನಲ್ಲಿ 1945ರ ಸೆಪ್ಟೆಂಬರ್ 5ರಂದು ಶುರುವಾದ 'ಜೀಪ್' ಅಮೆರಿಕದ ಹೊರಗೆ ನಡೆದ ಮೊದಲನೆಯದು. ಹೆಸರಿನ ಕೊನೆಯ ಅಕ್ಷರ ಅದೇ ಪೈಲ್‌ನದು. ಆದರೆ ಅದರ ನಡುವೆ ಇದ್ದದ್ದು ಭಾರಜಲದ ತೊಟ್ಟಿ ಮತ್ತು ಅದರೊಳಗೆ ಇಳಿಬಿಟ್ಟ ಯುರೇನಿಯಂ ಸಲಾಕೆಗಳು. ರಾಶಿ ಹೋಗಿತ್ತು, ಹೆಸರು ಉಳಿದಿತ್ತು. ನಂತರದ ವರ್ಷಗಳಲ್ಲಿ ಪೈಲ್ ಹಿಂದೆ ಸರಿದು ರಿಯಾಕ್ಟರ್ ಮುಂದೆ ಬಂತು.

ಆ ಪದವನ್ನು ಕೆನಡಾ ಮತ್ತು ಭಾರತ ಒಟ್ಟಿಗೆ ಒಂದು ಹೆಸರಿನಲ್ಲಿ ಕೂಡಿಸಿದವು: ಟ್ರಾಂಬೆಯ 'ಸೈರಸ್'. ಮೊದಲಕ್ಷರ ಕೆನಡಾದ್ದು, ಎರಡನೆಯದು ಇಂಡಿಯಾದ್ದು, ಮೂರನೆಯದು ರಿಯಾಕ್ಟರಿನದು. ಚಾಕ್ ರಿವರ್‌ನ ಎನ್‌ಆರ್‌ಎಕ್ಸ್ ಮಾದರಿಯ ಮೇಲೆ ಕಟ್ಟಿದ ಅದು ಕೆಲಸ ಶುರು ಮಾಡಿದ್ದು 1960ರಲ್ಲಿ. ಶಾಂತಿಯ ಬಳಕೆಗೆ ಮಾತ್ರ ಎಂಬುದು ಒಪ್ಪಂದ. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಸಿಡಿಸಿದ ಸಾಧನದ ಪ್ಲುಟೋನಿಯಂ ಬಂದದ್ದು ಇದೇ ಸೈರಸ್‌ನಿಂದ. ಅದೂ ಶಾಂತಿಯ ಸ್ಫೋಟವೇ ಎಂದಿತು ಭಾರತ, ಒಪ್ಪಲಿಲ್ಲ ಕೆನಡಾ. ನನ್ನ ಕಣ್ಣಿಗೆ ಇದು ಯಾವ ಖರ್ಚನ್ನು ಯಾವ ತಲೆಬರಹದಡಿ ಬರೆಯಬೇಕು ಎಂಬ ಜಗಳದಂತೆಯೇ ಕಾಣುತ್ತದೆ. ಕೆನಡಾ ಕೈಬಿಟ್ಟಿತು. ಆ ಹೊತ್ತಿಗೆ ಒಂಟಾರಿಯೊದ ಡಗ್ಲಸ್ ಪಾಯಿಂಟ್ ಮಾದರಿಯ ಒಂದು ಘಟಕ ರಾಜಸ್ಥಾನದಲ್ಲಿ ನಡೆಯುತ್ತಿತ್ತು. ಎರಡನೆಯದನ್ನು ಭಾರತೀಯ ಎಂಜಿನಿಯರುಗಳೇ ಮುಗಿಸಿದರು. ಆ ಬಳ್ಳಿ ಹಬ್ಬುತ್ತಾ ಕಾಳಿ ನದಿಯ ದಡಕ್ಕೆ, ಕೈಗಾಕ್ಕೆ ಬಂತು.

ನಮ್ಮೂರಿಗೆ ಈ ಹಿಂದಿನ ಕಥೆ ಯಾವುದೂ ಗೊತ್ತಿರಲಿಲ್ಲ. 1986ರ ಚೆರ್ನೋಬಿಲ್ ಸುದ್ದಿ ಗೊತ್ತಿತ್ತು. ಕೈಗಾವನ್ನು ವಿರೋಧಿಸಿದ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆ ಚುನಾವಣೆಗೆ ನಿಂತದ್ದು ನಮ್ಮ ಕ್ಷೇತ್ರದಿಂದಲೇ. ಅವರು ಗೆಲ್ಲಲಿಲ್ಲ. 1994ರ ಮೇ 13ರಂದು, ಇನ್ನೂ ಕಟ್ಟುತ್ತಿದ್ದ ಒಂದನೇ ಘಟಕದ ಒಳಗಿನ ಗುಮ್ಮಟ ಕುಸಿಯಿತು. ಒಳಗೆ ಇಂಧನ ಇರಲಿಲ್ಲ, ವಿಕಿರಣವೂ ಇರಲಿಲ್ಲ. ಆದರೂ ಅಂದಿನಿಂದ ನಮ್ಮ ಮನೆಯಲ್ಲಿ "ರಿಯಾಕ್ಟರ್ ಬಿತ್ತು" ಎಂದೇ ಮಾತು. ಅದೇ ಘಟಕ 2000ದಲ್ಲಿ ವಿದ್ಯುತ್ ಕೊಡತೊಡಗಿತು.

ಕನ್ನಡ ಪತ್ರಿಕೆಗಳು ಇಟ್ಟ ಹೆಸರು 'ಅಣುಸ್ಥಾವರ'. ಇಂಗ್ಲಿಷ್ ಒಳಗೆ ನಡೆಯುವುದನ್ನು ಹೆಸರಿಸಿತು, ಕನ್ನಡ ಹೊರಗೆ ನಿಂತಿರುವುದನ್ನು. ಚೆಂದದ ಪದ, ಆದರೆ ಅದರಲ್ಲಿ ಕಟ್ಟಡ, ಗುಮ್ಮಟ, ಟರ್ಬೈನ್, ರಿಯಾಕ್ಟರ್ ಎಲ್ಲವೂ ಕಲಸಿಹೋಗುತ್ತವೆ. ಗುಮ್ಮಟ ಬಿದ್ದದ್ದಕ್ಕೂ ರಿಯಾಕ್ಟರ್ ಒಡೆದದ್ದಕ್ಕೂ ಇರುವ ವ್ಯತ್ಯಾಸವನ್ನು ಅಮ್ಮನಿಗೆ ಹೇಳಲು ಆಗ ಯಾರ ಬಳಿಯೂ ಬೇರೆ ಪದ ಇರಲಿಲ್ಲ. ಹೇಳಬೇಕೆಂದು ಯಾರಿಗೂ ಅನ್ನಿಸಿರಲೂ ಇಲ್ಲ, ಅದು ಬೇರೆ ಮಾತು.

ತಾರೀಖುಗಳನ್ನು ತಾಳೆ ಹಾಕುವುದು ನನ್ನ ಚಟ. ಗುಮ್ಮಟ ಕುಸಿದು ಸರಿಯಾಗಿ 22 ವರ್ಷವಾದ ದಿನ, 2016ರ ಮೇ 13ರಂದು ಚಾಲೂ ಆದ ಅದೇ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ ನಿಲ್ಲದೆ ಓಡಿತು. 962 ದಿನ, ಆಗಿನ ವಿಶ್ವದಾಖಲೆ. ಈ ಬಗೆಯ ರಿಯಾಕ್ಟರಿನಲ್ಲಿ ಇಂಧನ ಒಂದೇ ದೊಡ್ಡ ಪಾತ್ರೆಯಲ್ಲಿ ಇರುವುದಿಲ್ಲ, ಅಡ್ಡಲಾಗಿ ಮಲಗಿಸಿದ ನೂರಾರು ಕೊಳವೆಗಳಲ್ಲಿರುತ್ತದೆ. ಕೈಗಾದ ಒಂದು ಘಟಕದಲ್ಲಿ 306, ನಮ್ಮ ಡಾರ್ಲಿಂಗ್ಟನ್ನಿನ ಒಂದರಲ್ಲಿ 480. ಹೀಗಾಗಿ ಓಡುತ್ತಿರುವಾಗಲೇ ಒಂದೊಂದೇ ಕೊಳವೆಗೆ ಹೊಸ ಇಂಧನ ತುಂಬಬಹುದು. ಕೈಗಾದ ದಾಖಲೆಯನ್ನು 2020ರ ಸೆಪ್ಟೆಂಬರಿನಲ್ಲಿ ಮುರಿದದ್ದು ಡಾರ್ಲಿಂಗ್ಟನ್ನಿನ ಒಂದನೇ ಘಟಕ. ಅದು 1,106 ದಿನ ಓಡಿ ನಿಂತಿತು.

ನಮ್ಮ ಮನೆ ಡಾರ್ಲಿಂಗ್ಟನ್ನಿನಿಂದ 10 ಕಿಲೋಮೀಟರ್ ಒಳಗಿದೆ. ಹಾಗಾಗಿ ಅಡುಗೆಮನೆಯ ಡ್ರಾಯರಿನಲ್ಲಿ ಸರ್ಕಾರದ ವ್ಯವಸ್ಥೆಯಲ್ಲಿ ಹಂಚಿದ ಅಯೋಡೈಡ್ ಮಾತ್ರೆಗಳಿವೆ. ಅವಘಡವಾದರೆ ವಿಕಿರಣದ ಅಯೋಡಿನ್ ಥೈರಾಯ್ಡ್ ಸೇರದಂತೆ ತಡೆಯಲು. ಜನವರಿಯ ಆ ಬೆಳಿಗ್ಗೆ ಅಮ್ಮನಿಗೆ ಅವನ್ನು ತೋರಿಸಿ ಸಮಾಧಾನ ಮಾಡಿದ್ದೆ. ಸೆಪ್ಟೆಂಬರಿನಲ್ಲಿ ದಾಖಲೆ ಮುರಿದ ಸುದ್ದಿ ಹೇಳಲು ಫೋನ್ ಮಾಡಿದಾಗ ಅವರು ಯಲ್ಲಾಪುರದಲ್ಲಿದ್ದರು.

"ನಮ್ಮದು ಎಷ್ಟು ದಿನ ಓಡಿತ್ತು?" ಎಂದು ಕೇಳಿದರು. ಇಪ್ಪತ್ತು ವರ್ಷ ಕೈಗಾವನ್ನು ಬೈದವರು 'ನಮ್ಮದು' ಅಂದದ್ದನ್ನು ಅಂದೇ ಮೊದಲು ಕೇಳಿದ್ದು. 962 ಎಂದೆ. ಸ್ವಲ್ಪ ಸುಮ್ಮನಿದ್ದು, "ಆ ಮಾತ್ರೆದು ತಾರೀಖು ಮುಗಿದಿಲ್ಲ ತಾನೆ, ನೋಡು ಒಂದ್ಸಲ" ಅಂದರು.