ಐರ್ಲೆಂಡಿನ ಗರ್ಭಪಾತ ನಿರ್ಬಂಧ ಮತ್ತು ಕಲಾವಿದರ ಪ್ರತಿರೋಧ

ಐರ್ಲೆಂಡಿನ ಗರ್ಭಪಾತ ನಿಷೇಧವು ಕನ್ನಡಿಗರ ಗಮನಕ್ಕೆ ಬಂದದ್ದು ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ ಅವರ ಸಾವಿನ ಮೂಲಕ. 17 ವಾರಗಳ ಗರ್ಭಿಣಿಯಾಗಿದ್ದ 31 ವರ್ಷದ ಸವಿತಾ 2012ರ ಅಕ್ಟೋಬರ್ 21ರಂದು ಗಾಲ್ವೇ ನಗರದ ಆಸ್ಪತ್ರೆಗೆ ದಾಖಲಾದರು. ಗರ್ಭ ಉಳಿಯುವುದಿಲ್ಲವೆಂಬುದು ವೈದ್ಯರಿಗೆ ಖಚಿತವಾಗಿತ್ತು. ಆದರೂ ಭ್ರೂಣದ ಹೃದಯ ಬಡಿಯುತ್ತಿದ್ದ ಕಾರಣಕ್ಕೆ ಗರ್ಭಪಾತದ ಕೋರಿಕೆಯನ್ನು ನಿರಾಕರಿಸಲಾಯಿತು. ರಕ್ತಕ್ಕೆ ನಂಜೇರಿ ಅವರು ಅಕ್ಟೋಬರ್ 28ರಂದು ಅಸುನೀಗಿದರು. ನವೆಂಬರ್ 14ರಂದು 'ದಿ ಐರಿಷ್ ಟೈಮ್ಸ್' ಈ ಸುದ್ದಿಯನ್ನು ಪ್ರಕಟಿಸಿದ ಬಳಿಕ ಡಬ್ಲಿನ್‌ನ ಬೀದಿಗಳಲ್ಲಿ ಮೊಂಬತ್ತಿ ಹಿಡಿದ ಜನಸ್ತೋಮ ಕಾಣಿಸಿಕೊಂಡಿತು. ಅಂದಿನಿಂದ ಸವಿತಾ ಅವರ ನಗುಮುಖವೇ ಆ ದೇಶದ ಹೋರಾಟದ ಪ್ರಮುಖ ಚಿತ್ರವಾಯಿತು.

ಆದರೆ ಕಲಾವಿದರ ಪ್ರತಿರೋಧ ಅದಕ್ಕೂ ಬಹಳ ಹಿಂದಿನದು. ಅದನ್ನು ಅರಿಯಬೇಕಾದರೆ ಮೊದಲು ಕಾನೂನಿನ ಹಿನ್ನೆಲೆಯನ್ನು ಗಮನಿಸಬೇಕು.

ಎಂಟನೇ ತಿದ್ದುಪಡಿ

ಐರ್ಲೆಂಡಿನಲ್ಲಿ ಗರ್ಭಪಾತವು 1861ರ ಬ್ರಿಟಿಷ್ ಕಾಲದ ಕಾಯ್ದೆಯಡಿಯೇ ಅಪರಾಧವಾಗಿತ್ತು. 1983ರ ಸೆಪ್ಟೆಂಬರ್ 7ರಂದು ನಡೆದ ಜನಮತ ಸಂಗ್ರಹದಲ್ಲಿ ಸುಮಾರು ಶೇ. 67ರಷ್ಟು ಮತದಾರರ ಒಪ್ಪಿಗೆಯೊಂದಿಗೆ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ಸೇರಿತು. ಗರ್ಭಸ್ಥ ಶಿಶು ಮತ್ತು ತಾಯಿಗೆ ಬದುಕುವ ಸಮಾನ ಹಕ್ಕಿದೆ ಎಂಬುದು ಅದರ ತಿರುಳು. ಪರಿಣಾಮವಾಗಿ, ಗರ್ಭಪಾತ ಬಯಸಿದ ಮಹಿಳೆಯರು ಹಡಗು ಅಥವಾ ವಿಮಾನವೇರಿ ಇಂಗ್ಲೆಂಡಿಗೆ ಹೋಗಬೇಕಾಯಿತು. ದಶಕಗಳ ಅವಧಿಯಲ್ಲಿ ಹೀಗೆ ಹೋದವರ ಸಂಖ್ಯೆ ಒಂದೂವರೆ ಲಕ್ಷವನ್ನೂ ಮೀರಿತು. 1992ರಲ್ಲಿ ಅತ್ಯಾಚಾರಕ್ಕೆ ಒಳಗಾಗಿದ್ದ 14 ವರ್ಷದ ಬಾಲಕಿಯೊಬ್ಬಳು ಗರ್ಭಪಾತಕ್ಕಾಗಿ ದೇಶ ಬಿಡದಂತೆ ಹೈಕೋರ್ಟ್ ತಡೆಯಾಜ್ಞೆ ನೀಡಿತ್ತು. ತೀವ್ರ ಜನಾಕ್ರೋಶದ ನಡುವೆ ಸುಪ್ರೀಂ ಕೋರ್ಟ್ ಅದನ್ನು ತೆರವುಗೊಳಿಸಿತು. ಅದೇ ವರ್ಷ ಪರದೇಶಕ್ಕೆ ಪ್ರಯಾಣ ಮಾಡುವ ಹಕ್ಕನ್ನು ಜನರೇ ಮತ ಹಾಕಿ ಸ್ಥಿರಪಡಿಸಿದರು. ನಿಷೇಧ ಮಾತ್ರ ಹಾಗೆಯೇ ಉಳಿಯಿತು.

ಭಾರತದಲ್ಲಿ ನಿರ್ದಿಷ್ಟ ಷರತ್ತುಗಳೊಂದಿಗೆ ಗರ್ಭಪಾತಕ್ಕೆ ಅವಕಾಶ ಕಲ್ಪಿಸುವ ಕಾಯ್ದೆ 1971ರಲ್ಲೇ ಬಂದಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ಸವಿತಾ ಬೆಳಗಾವಿಯಲ್ಲೇ ಇದ್ದಿದ್ದರೆ ಬದುಕುತ್ತಿದ್ದರು ಎಂಬ ಮಾತು ಆಗ ಕೇಳಿಬಂದದ್ದು ಇದೇ ಕಾರಣಕ್ಕೆ.

ಕಲಾಕೃತಿಯಾದ ಚಿಕಿತ್ಸಾಲಯ

ಕಲೆ ಮತ್ತು ಕಾನೂನು ನೇರವಾಗಿ ಎದುರುಬದುರಾದ ಅತ್ಯಂತ ಕುತೂಹಲಕರ ಪ್ರಸಂಗ 2001ರದು. ಡಚ್ ವೈದ್ಯೆ ರೆಬೆಕಾ ಗಾಂಪರ್ಟ್ಸ್ ಕಲಾಶಾಲೆಯಲ್ಲೂ ಓದಿದವರು. ಅವರು ಸ್ಥಾಪಿಸಿದ 'ವಿಮೆನ್ ಆನ್ ವೇವ್ಸ್' ಸಂಸ್ಥೆಯ ಯೋಚನೆ ಸರಳವಾಗಿತ್ತು: ಗರ್ಭಪಾತ ನಿಷೇಧಿಸಿದ ದೇಶದ ಕಡಲ ಗಡಿಯಾಚೆ ಹಡಗು ನಿಂತರೆ, ಅದರೊಳಗೆ ನಡೆಯುವುದು ಹಡಗಿನ ಬಾವುಟದ ದೇಶದ ಕಾನೂನು. ಹಡಗಿನ ಮೇಲಿರಿಸುವ ಸಂಚಾರಿ ಚಿಕಿತ್ಸಾಲಯವನ್ನು ವಿನ್ಯಾಸಗೊಳಿಸಿದ್ದು ರೋಟರ್‌ಡ್ಯಾಮ್‌ನ ಕಲಾವಿದ ಯೂಪ್ ವಾನ್ ಲೀಸ್‌ಹೌಟ್ ಅವರ ಕಲಾಶಾಲೆ. ಸರಕು ಸಾಗಣೆಯ ಕಂಟೇನರ್ ಒಂದನ್ನು ಶುಶ್ರೂಷಾ ಕೊಠಡಿಯಾಗಿ ಮಾರ್ಪಡಿಸಿದ ಕೃತಿ ಅದು. ಒಮ್ಮೆ ಡಚ್ ಅಧಿಕಾರಿಗಳು ಈ ಕಂಟೇನರಿನ ಬಗ್ಗೆ ತಕರಾರು ಎತ್ತಿದಾಗ ಸಂಸ್ಥೆಯು ಕೊಟ್ಟ ಉತ್ತರ, ಅದೊಂದು ಕಲಾಕೃತಿ ಎಂಬ ಪ್ರಮಾಣಪತ್ರ!

2001ರ ಜೂನ್‌ನಲ್ಲಿ 'ಅರೋರಾ' ಎಂಬ ಹಡಗು ಡಬ್ಲಿನ್ ತಲುಪಿತು. ಆದರೆ ಡಚ್ ಸರ್ಕಾರದ ಪರವಾನಗಿ ದೊರೆತಿರದ ಕಾರಣ ಒಂದು ಗರ್ಭಪಾತವೂ ನಡೆಯಲಿಲ್ಲ. ಆ ಅರ್ಥದಲ್ಲಿ ಪ್ರಯಾಣ ವಿಫಲ. ಆದರೆ ಹಡಗಿಗೆ ನೂರಾರು ಮಹಿಳೆಯರಿಂದ ದೂರವಾಣಿ ಕರೆಗಳು ಬಂದವು. ಇಂಗ್ಲೆಂಡಿನ ಹಾದಿಯಲ್ಲಿ ಮುಚ್ಚಿಹೋಗಿದ್ದ ಸಂಗತಿ ಬಂದರಿನಲ್ಲಿ ಬಯಲಾಯಿತು.

ಚಿತ್ರದಲ್ಲಿಲ್ಲದ ಭ್ರೂಣ

ಇದೇ ಸಂಸ್ಥೆಯ ಮತ್ತೊಂದು ಹಡಗನ್ನು 2004ರಲ್ಲಿ ಪೋರ್ಚುಗಲ್ ಸರ್ಕಾರ ಯುದ್ಧನೌಕೆಗಳನ್ನು ಕಳುಹಿಸಿ ತಡೆದಿತ್ತು. 2009ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಈ ಕ್ರಮವನ್ನು ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆ ಎಂದಿತು. ಗರ್ಭಪಾತದ ಹಕ್ಕಿಗಾಗಿ ರಚಿತವಾದ ಚಿತ್ರಗಳಲ್ಲಿ ಅಗ್ರಮಾನ್ಯವೆನ್ನಬಹುದಾದ ಸರಣಿ ಹುಟ್ಟಿದ್ದೂ ಪೋರ್ಚುಗಲ್‌ನ ವಿದ್ಯಮಾನದಿಂದಲೇ. 1998ರ ಜೂನ್ 28ರಂದು ಅಲ್ಲಿ ನಡೆದ ಜನಮತ ಸಂಗ್ರಹದಲ್ಲಿ ಗರ್ಭಪಾತ ಸಕ್ರಮಗೊಳಿಸುವ ಪ್ರಸ್ತಾವ ಕೂದಲೆಳೆಯ ಅಂತರದಲ್ಲಿ ಸೋತಿತು. ಮತ ಹಾಕಿದವರು ಮೂರರಲ್ಲಿ ಒಬ್ಬರೂ ಇರಲಿಲ್ಲ. ಲಿಸ್ಬನ್‌ನಲ್ಲಿ ಜನಿಸಿ ಲಂಡನ್‌ನಲ್ಲಿ ನೆಲೆಸಿದ್ದ ಪೌಲಾ ರೇಗೊ ಈ ನಿರ್ಲಕ್ಷ್ಯದಿಂದ ಕೆರಳಿ, ಶೀರ್ಷಿಕೆಯೇ ಇಲ್ಲದ ಪ್ಯಾಸ್ಟೆಲ್ ಚಿತ್ರಗಳ ಸರಣಿಯೊಂದನ್ನು ರಚಿಸಿದರು.

ಆ ಚಿತ್ರಗಳಲ್ಲಿ ಇರುವುದು ಹಾಸಿಗೆ, ಬಕೆಟ್ಟು, ಮಡಚುವ ಕುರ್ಚಿ, ಒಬ್ಬಂಟಿ ಹೆಣ್ಣು. ಒಬ್ಬಳು ಶಾಲೆಯ ಸಮವಸ್ತ್ರದಲ್ಲಿದ್ದಾಳೆ. ಕೆಲವರು ನೋವಿನಲ್ಲಿ ಮುದುಡಿಕೊಂಡಿದ್ದಾರೆ, ಕೆಲವರು ನೋಡುಗರನ್ನೇ ದಿಟ್ಟಿಸುತ್ತಾರೆ. ರಕ್ತವಿಲ್ಲ, ಭ್ರೂಣವಿಲ್ಲ. ಇದು ಉದ್ದೇಶಪೂರ್ವಕ, ಹೇಸಿಗೆ ಹುಟ್ಟಿಸಿದರೆ ಜನ ಮುಖ ತಿರುಗಿಸುತ್ತಾರೆ ಎಂಬುದು ರೇಗೊ ಅವರ ಎಣಿಕೆಯಾಗಿತ್ತು. ಗರ್ಭಪಾತ ವಿರೋಧಿ ಪ್ರಚಾರದ ಫಲಕಗಳಲ್ಲಿ ಸಾಮಾನ್ಯವಾಗಿ ಭ್ರೂಣವೇ ತುಂಬಿರುತ್ತದೆ, ತಾಯಿ ಕಾಣುವುದೇ ಇಲ್ಲ. ರೇಗೊ ಅದನ್ನು ತಿರುವಿ ಹಾಕಿದರು. ಚಿತ್ರಗಳನ್ನು ಹೆಚ್ಚು ಜನರಿಗೆ ತಲುಪಿಸಲು ಅವುಗಳನ್ನು ಆಧರಿಸಿ ಮುದ್ರಣ ಪ್ರತಿಗಳನ್ನೂ ಸಿದ್ಧಪಡಿಸಿದರು. ಎರಡನೇ ಜನಮತ ಸಂಗ್ರಹದ ಸಂದರ್ಭದಲ್ಲಿ ಅವು ಪೋರ್ಚುಗಲ್‌ನ ಪತ್ರಿಕೆಗಳಲ್ಲಿ ಅಚ್ಚಾದವು. 2007ರ ಫೆಬ್ರುವರಿ 11ರಂದು ಶೇ. 59ರಷ್ಟು ಮತದಾರರು ಸುಧಾರಣೆಯ ಪರ ನಿಂತರು. ರೇಗೊ 2022ರಲ್ಲಿ ನಿಧನರಾದರು.

ಬಣ್ಣ ಬಳಿದು ಮುಚ್ಚಿದ ಹೃದಯ

ಐರ್ಲೆಂಡಿನ ಕಲಾವಿದರು ಆರಿಸಿಕೊಂಡ ದಾರಿ ರೇಗೊ ಅವರದಕ್ಕಿಂತ ಭಿನ್ನ. ಅವರು ಗ್ಯಾಲರಿಯ ಬದಲು ಬೀದಿಗೆ ಇಳಿದರು. ಲಂಡನ್‌ನಲ್ಲಿದ್ದ ಐರಿಷ್ ಮಹಿಳೆಯರ 'ಸ್ಪೀಕಿಂಗ್ ಆಫ್ ಇಮೆಲ್ಡಾ' ತಂಡ ಕೆಂಪು ಉಡುಪು ತೊಟ್ಟು, ಸೂಟ್‌ಕೇಸ್ ಹಿಡಿದು ಸಾರ್ವಜನಿಕ ಸ್ಥಳಗಳಲ್ಲಿ ಪ್ರದರ್ಶನ ನೀಡಿತು. ಹಿಂದೆ ಗರ್ಭಪಾತಕ್ಕಾಗಿ ಲಂಡನ್‌ಗೆ ಬರುತ್ತಿದ್ದ ಅಪರಿಚಿತ ಮಹಿಳೆಯರಿಗೆ ಗುರುತು ಸಿಗಲೆಂದು ಸ್ವಯಂಸೇವಕಿಯರು ಕೆಂಪು ಲಂಗ ತೊಟ್ಟು ಕಾಯುತ್ತಿದ್ದರಂತೆ. 'ಇಮೆಲ್ಡಾ' ಎಂಬುದು ಗರ್ಭಪಾತಕ್ಕೆ ಅವರು ಬಳಸುತ್ತಿದ್ದ ಸಂಕೇತನಾಮ. 2015ರಲ್ಲಿ ಸೆಸಿಲಿ ಬ್ರೆನನ್, ಏತ್ನ ಜೋರ್ಡನ್, ಆಲಿಸ್ ಮಾಹರ್ ಮತ್ತು ಕವಯಿತ್ರಿ ಪೌಲಾ ಮೀಹನ್ ಸೇರಿ ಎಂಟನೇ ತಿದ್ದುಪಡಿ ರದ್ದತಿಗಾಗಿ ಕಲಾವಿದರ ಅಭಿಯಾನ ಆರಂಭಿಸಿದರು.

2016ರ ಜುಲೈನಲ್ಲಿ ಡಬ್ಲಿನ್‌ನ ಟೆಂಪಲ್ ಬಾರ್ ಪ್ರದೇಶದಲ್ಲಿರುವ ಪ್ರಾಜೆಕ್ಟ್ ಆರ್ಟ್ಸ್ ಸೆಂಟರ್‌ನ ಗೋಡೆಯ ಮೇಲೆ ಬೀದಿ ಚಿತ್ರಕಾರ ಮೇಸರ್ ಅವರ ಚಿತ್ರ ಮೂಡಿತು. ನೀಲಿ ಹಿನ್ನೆಲೆ, ಕೆಂಪು ಹೃದಯ, ಅದರೊಳಗೆ ತಿದ್ದುಪಡಿ ರದ್ದುಪಡಿಸಿ ಎಂಬ ಬಿಳಿ ಅಕ್ಷರ. ಯೋಜನಾ ಅನುಮತಿ ಇಲ್ಲವೆಂದು ನಗರಸಭೆ ಎಚ್ಚರಿಸಿದ್ದರಿಂದ ಕೆಲವೇ ವಾರಗಳಲ್ಲಿ ಅದನ್ನು ಅಳಿಸಲಾಯಿತು. ಗೋಡೆಯಿಂದ ಮರೆಯಾದ ಹೃದಯ ಬ್ಯಾಡ್ಜು, ಅಂಗಿ, ಕೈಚೀಲಗಳ ಮೇಲೆ ಊರೆಲ್ಲ ಓಡಾಡತೊಡಗಿತು. 2018ರ ಏಪ್ರಿಲ್‌ನಲ್ಲಿ ಅದೇ ಗೋಡೆಗೆ ಚಿತ್ರ ಮರಳಿದಾಗ ಆಕ್ಷೇಪಿಸಿದ್ದು ದತ್ತಿ ಸಂಸ್ಥೆಗಳ ನಿಯಂತ್ರಣ ಪ್ರಾಧಿಕಾರ: ದತ್ತಿ ಸಂಸ್ಥೆಯೊಂದು ರಾಜಕೀಯ ಪ್ರಚಾರ ಮಾಡುವಂತಿಲ್ಲ. ಕೇಂದ್ರದ ನಿರ್ದೇಶಕ ಕೀಅನ್ ಓ'ಬ್ರಿಯನ್ ಏಪ್ರಿಲ್ 23ರಂದು ಜನರ ಎದುರೇ ತಾವೇ ನೀಲಿ ಬಣ್ಣ ಬಳಿದು ಅದನ್ನು ಮುಚ್ಚಿದರು. ಅಳಿಸುವ ಕ್ರಿಯೆಯೇ ಸುದ್ದಿಯಾಯಿತು. ಚಿತ್ರಕ್ಕೆ ಇದಕ್ಕಿಂತ ದೊಡ್ಡ ಪ್ರಚಾರವನ್ನು ಹಣ ಕೊಟ್ಟು ಪಡೆಯಲಾಗುತ್ತಿರಲಿಲ್ಲ.

ಆ್ಯನಾ ಕಾಸ್‌ಗ್ರೇವ್ ರೂಪಿಸಿದ, 'ರಿಪೀಲ್' ಎಂಬ ಒಂದೇ ಪದವಿದ್ದ ಕಪ್ಪು ಸ್ವೆಟರನ್ನು 2016ರಲ್ಲಿ ಕೆಲವು ಸದಸ್ಯರು ಸಂಸತ್ತಿನೊಳಗೇ ಧರಿಸಿ ಬಂದು ಆಕ್ಷೇಪಕ್ಕೆ ಗುರಿಯಾದರು. 2018ರ ಏಪ್ರಿಲ್‌ನಲ್ಲಿ ಲಿಮೆರಿಕ್ ನಗರದ ಕಲಾಮೇಳದಲ್ಲಿ ಕಲಾವಿದೆಯರು ಧಾರ್ಮಿಕ ಮೆರವಣಿಗೆಯನ್ನು ಹೋಲುವಂತೆ ಕಸೂತಿಯ ಬಾವುಟಗಳನ್ನು ಹೊತ್ತು ನಡೆದರು. ರೇಚಲ್ ಫಾಲನ್ ಹೊಲಿದ ಏಪ್ರನ್‌ಗಳನ್ನು ಎತ್ತಿದರೆ ಒಳಗೆ ಘೋಷಣೆಗಳಿದ್ದವು. ಚರ್ಚಿನ ಆಚರಣೆಯನ್ನು, ಅಡುಗೆಮನೆಯ ಬಟ್ಟೆಯನ್ನು ಚರ್ಚಿನ ನಿಲುವಿಗೆ ಎದುರಾಗಿಯೇ ಬಳಸಿದ್ದು ಇದರ ವಿಶೇಷ.

ಮತದಾನಕ್ಕೆ ಮುನ್ನ ಡಬ್ಲಿನ್‌ನ ಸೌತ್ ರಿಚ್ಮಂಡ್ ಬೀದಿಯ ಗೋಡೆಯೊಂದರಲ್ಲಿ ಸವಿತಾ ಅವರ ಬೃಹತ್ ಭಾವಚಿತ್ರ ಕಾಣಿಸಿಕೊಂಡಿತು. ಬರೆದವರು ಏಚಸ್ ಎಂಬ ಹೆಸರಿನ ಬೀದಿ ಕಲಾವಿದ. 'ಯೆಸ್'ಗೆ ಮತ ನೀಡುವಂತೆ ಬೆಳಗಾವಿಯಿಂದ ಸವಿತಾ ಅವರ ತಂದೆಯೂ ಐರಿಷ್ ಜನರಲ್ಲಿ ಮನವಿ ಮಾಡಿದ್ದರು. ಮೇ 25ರ ಮತದಾನದಲ್ಲಿ ಶೇ. 66.4ರಷ್ಟು ಮಂದಿ ತಿದ್ದುಪಡಿ ರದ್ದತಿಯ ಪರ ನಿಂತರು. ವಿರೋಧಿಸಿದ ಏಕೈಕ ಕ್ಷೇತ್ರ ಡೊನೆಗಾಲ್. ಫಲಿತಾಂಶದ ದಿನ ಜನ ಆ ಚಿತ್ರದ ಬಳಿ ಹೂವಿಟ್ಟು, ನೂರಾರು ಚೀಟಿಗಳನ್ನು ಗೋಡೆಗೆ ಅಂಟಿಸಿದರು. ಅನೇಕ ಚೀಟಿಗಳಲ್ಲಿದ್ದುದು ಸವಿತಾ ಅವರಲ್ಲಿ ಕ್ಷಮೆಯಾಚನೆ.

ಈ ಗೆಲುವನ್ನು ಕಲೆಯ ಖಾತೆಗೆ ಬರೆಯುವುದು ಸರಿಯಾಗದು. ಪ್ರಜೆಗಳ ಸಭೆಯ ಶಿಫಾರಸು, ಮನೆ ಮನೆಗೆ ತೆರಳಿದ ಕಾರ್ಯಕರ್ತರ ಶ್ರಮ, ತಮ್ಮ ಅನುಭವವನ್ನು ಹೇಳಿಕೊಂಡ ಮಹಿಳೆಯರ ಧೈರ್ಯ ಅದರ ಹಿಂದಿವೆ. ಪೋಲೆಂಡ್ ಇದಕ್ಕೆ ವಿರುದ್ಧ ನಿದರ್ಶನ. ಓಲಾ ಯಾಸಿಯೊನೊವ್ಸ್ಕಾ ರೂಪಿಸಿದ ಕೆಂಪು ಮಿಂಚಿನ ಚಿಹ್ನೆ 2020ರ ಅಕ್ಟೋಬರ್‌ನಲ್ಲಿ ಆ ದೇಶದ ಕಿಟಕಿ ಕಿಟಕಿಗಳಲ್ಲೂ ಕಾಣಿಸಿತು. ಆದರೂ ಗರ್ಭಪಾತಕ್ಕಿದ್ದ ಅವಕಾಶವನ್ನು ಮತ್ತಷ್ಟು ಮೊಟಕುಗೊಳಿಸಿದ ಸಾಂವಿಧಾನಿಕ ನ್ಯಾಯಮಂಡಳಿಯ ತೀರ್ಪು 2021ರ ಜನವರಿಯಲ್ಲಿ ಜಾರಿಗೆ ಬಂದೇ ಬಂತು.

ಐರ್ಲೆಂಡಿನ ಹೊಸ ಕಾಯ್ದೆ 2019ರ ಜನವರಿ 1ರಿಂದ ಜಾರಿಯಲ್ಲಿದ್ದು, 12 ವಾರಗಳವರೆಗೆ ಕಾರಣ ಕೇಳದೆ ಗರ್ಭಪಾತಕ್ಕೆ ಅವಕಾಶ ನೀಡಿದೆ. ಅದಕ್ಕೆ ಸವಿತಾ ಅವರ ಹೆಸರಿಡಬೇಕೆಂಬ ಅವರ ತಂದೆಯ ಕೋರಿಕೆ ಈಡೇರಲಿಲ್ಲ. ರಿಚ್ಮಂಡ್ ಬೀದಿಯ ಗೋಡೆಯ ಮೇಲಿದ್ದ ಚೀಟಿಗಳನ್ನು ಡಬ್ಲಿನ್ ನಗರ ಗ್ರಂಥಾಲಯ ಮತ್ತು ಪತ್ರಾಗಾರ ಸಂರಕ್ಷಿಸಿದೆ.