ತೂಕಕ್ಕೂ ರುಜುವಾತು ಬೇಕು: ಮಾದಕವಸ್ತು ಶಿಕ್ಷೆಯ ಮೇಲ್ಮನವಿಯಲ್ಲಿ ಒಂದು ವಿವಾದಾಂಶ

ಶಿಕ್ಷೆಯ ಗರಿಷ್ಠ ಮಿತಿಯನ್ನು ಏರಿಸುವ ಸಂಗತಿ ಜ್ಯೂರಿಯ ಮುಂದೆ ಸಂಶಯಾತೀತವಾಗಿ ಸಾಬೀತಾಗಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟು 2000ರ ಅಪ್ರೆಂಡಿ ಪ್ರಕರಣದಲ್ಲಿ ಹೇಳಿತು. ಹಿಂದಿನ ಅಪರಾಧ ನಿರ್ಣಯಕ್ಕೆ ಮಾತ್ರ ವಿನಾಯಿತಿ ಕೊಟ್ಟಿತು. 2013ರ ಅಲೀನ್ ತೀರ್ಪು ಇದೇ ನಿಯಮವನ್ನು ಕಡ್ಡಾಯ ಕನಿಷ್ಠ ಶಿಕ್ಷೆಗೂ ವಿಸ್ತರಿಸಿತು. ನಮ್ಮಲ್ಲಿ ಜ್ಯೂರಿಯೇ ಇಲ್ಲ; 1973ರ ದಂಡ ಪ್ರಕ್ರಿಯಾ ಸಂಹಿತೆ ಅದನ್ನು ಕೈಬಿಟ್ಟಿತು. ಹಾಗಾಗಿ ಈ ಚರ್ಚೆ ನಮಗೆ ಸಂಬಂಧಿಸಿದ್ದಲ್ಲ ಎಂಬ ವಾದವುಂಟು. ಜ್ಯೂರಿ ಹೋದರೂ ಸಂಶಯಾತೀತ ರುಜುವಾತಿನ ಹೊಣೆ ಹೋಗಿಲ್ಲ ಎಂಬುದು ಈ ಲೇಖನದ ನಿಲುವು.

ಕಾನೂನಿನ ಚೌಕಟ್ಟು ಪರಿಚಿತವೇ. 1985ರ ಎನ್‌ಡಿಪಿಎಸ್ ಕಾಯ್ದೆಗೆ 2001ರಲ್ಲಾದ ತಿದ್ದುಪಡಿ ಶಿಕ್ಷೆಯನ್ನು ಪ್ರಮಾಣಕ್ಕೆ ಕಟ್ಟಿತು. ಮೆಫೆಡ್ರೋನಿನ ವಾಣಿಜ್ಯ ಪ್ರಮಾಣ 50 ಗ್ರಾಂ. ಅದನ್ನು ಮೀರಿದರೆ ಕನಿಷ್ಠ 10 ವರ್ಷ ಸೆರೆ ಖಚಿತ. ಮೀರದಿದ್ದರೆ 10 ವರ್ಷವೇ ಗರಿಷ್ಠ. ಶುದ್ಧ ಮಾದಕಾಂಶವನ್ನಷ್ಟೇ ಲೆಕ್ಕಿಸಬೇಕೆಂದಿದ್ದ 2008ರ ಮೈಕೆಲ್ ರಾಜ್ ತೀರ್ಪನ್ನು 2020ರ ಹೀರಾ ಸಿಂಗ್ ತೀರ್ಪು ತಳ್ಳಿಹಾಕಿತು. ಈಗ ಮಿಶ್ರಣದ ಪೂರ್ತಿ ತೂಕವೇ ಆಧಾರ.

ವಿವಾದ ಇಲ್ಲಿಂದ ಮುಂದಿನದು. ಹೀರಾ ಸಿಂಗ್ ತೀರ್ಪಿನ ನಂತರ ತೂಕದ ಬಗ್ಗೆ ಮೇಲ್ಮನವಿಯಲ್ಲಿ ತಕರಾರೆತ್ತಲು ಏನೂ ಉಳಿದಿಲ್ಲ ಎಂಬ ಓದು ಅವಸರದ್ದು. ಮಾದಕವಸ್ತುವಿಗೆ ಬೇರೇನೋ ಬೆರೆತಿರುವಾಗ ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದನ್ನು ಆ ತೀರ್ಪು ಇತ್ಯರ್ಥಪಡಿಸಿತು. ಮಾದರಿಯನ್ನೇ ತೆಗೆಯದ ಪೊಟ್ಟಣದಲ್ಲಿ ಮಾದಕವಸ್ತುವಿತ್ತೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ 1993ರ ಕಿರ್ಷರ್ ಪ್ರಕರಣದಲ್ಲಿದೆ. ಗೋವಾದಲ್ಲಿ ಆರೋಪಿಯ ಬಳಿ ಚರಸ್ಸಿನದೆಂದು ಎರಡು ತುಂಡುಗಳು ಸಿಕ್ಕಿದ್ದವು. ಪರೀಕ್ಷೆಗೆ ಹೋದದ್ದು ಐದು ಗ್ರಾಂ ಒಳಗಿನ ಒಂದೇ ತುಂಡು. ಉಳಿದದ್ದು ಚರಸ್ಸೆಂದು ರುಜುವಾತಾಗಿಲ್ಲವೆಂದ ಸುಪ್ರೀಂ ಕೋರ್ಟು 10 ವರ್ಷದ ಶಿಕ್ಷೆಯನ್ನು ಆರು ತಿಂಗಳಿಗೆ ಇಳಿಸಿತು. ತಪ್ಪಿತಸ್ಥನೆಂಬ ನಿರ್ಣಯ ಉಳಿದೂ ಶಿಕ್ಷೆಯ ಮೆಟ್ಟಿಲು ಬದಲಾಯಿತು.

ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ತಲಾ 8 ಗ್ರಾಂ ತೂಗುವ ಹತ್ತು ಪೊಟ್ಟಣ ಸಿಕ್ಕವು ಎಂದುಕೊಳ್ಳೋಣ. ಮೊತ್ತ 80 ಗ್ರಾಂ. ಐದರಿಂದಷ್ಟೇ ಮಾದರಿ ತೆಗೆದು, ಅವೆಲ್ಲ ಮೆಫೆಡ್ರೋನ್ ಎಂದು ವರದಿ ಬಂದರೆ ರುಜುವಾತಾದದ್ದು 40 ಗ್ರಾಂ. ಉಳಿದ 40 ಗ್ರಾಂ ಬರಿಯ ಊಹೆ, ಆದರೆ ಕಡ್ಡಾಯ 10 ವರ್ಷ ನಿಂತಿರುವುದು ಆ ಊಹೆಯ ಮೇಲೆ. ಠಾಣೆ ಜಿಲ್ಲೆಯ ವಿಶೇಷ ನ್ಯಾಯಾಲಯದ ಇಂಥ ತೀರ್ಪಿನ ವಿರುದ್ಧ ಬಾಂಬೆ ಹೈಕೋರ್ಟಿಗೆ ಹೋಗುವ ಮೇಲ್ಮನವಿ ಬಿಡುಗಡೆಯನ್ನೇ ಕೇಳಬೇಕಿಲ್ಲ. ವಾಣಿಜ್ಯ ಪ್ರಮಾಣದ ನಿರ್ಣಯವೊಂದನ್ನೇ ಪ್ರಶ್ನಿಸಬಹುದು.

ಈ ವಾದಕ್ಕೆ ಮಿತಿಗಳಿವೆ. ಮೊದಲನೆಯದು, ಪ್ರತಿ ಕಣವನ್ನೂ ಪರೀಕ್ಷಿಸಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಗಾತ್ರ, ತೂಕ, ಗುರುತು ಒಂದೇ ಇದ್ದು, ಪ್ರತಿ ಪೊಟ್ಟಣವೂ ಸ್ಥಳದಲ್ಲಿನ ಬಣ್ಣದ ಪರೀಕ್ಷೆಯಲ್ಲಿ ಒಂದೇ ಫಲಿತಾಂಶ ಕೊಟ್ಟಿದ್ದರೆ ಹತ್ತರವರೆಗೆ ಒಂದು ಗುಂಪು ಮಾಡಬಹುದೆಂದು 1989ರ ಸ್ಥಾಯಿ ಆದೇಶ ಒಪ್ಪಿತ್ತು. 2022ರ ನಿಯಮಗಳೂ ಒಪ್ಪುತ್ತವೆ. ಆಗ ಊಹೆಗೆ ಆಧಾರವಿದೆ. ಆ ಬಣ್ಣದ ಪರೀಕ್ಷೆ ಪಂಚನಾಮೆಯಲ್ಲೂ ಸಾಕ್ಷ್ಯದಲ್ಲೂ ಕಾಣದಿದ್ದರೆ ಮಾತ್ರ ನನ್ನ ವಾದಕ್ಕೆ ಬಲ. ಎರಡನೆಯದು, ಪರೀಕ್ಷಿಸಿದ ಪೊಟ್ಟಣಗಳೇ 50 ಗ್ರಾಂ ದಾಟಿದ್ದರೆ ಮೇಲ್ಮನವಿಗೆ ಹೆಚ್ಚಿನ ಲಾಭವಿಲ್ಲ. ಮೂರನೆಯದು, ದೋಷಾರೋಪ ಪತ್ರದಲ್ಲಿ ಪ್ರಮಾಣ ನಮೂದಾಗಿಲ್ಲ ಎಂಬುದಷ್ಟೇ ಸಾಲದು. ಅದರಿಂದ ನ್ಯಾಯ ವಿಫಲವಾಯಿತೆಂದು ತೋರಿಸಬೇಕು. ಅಮೆರಿಕದಲ್ಲೂ 2002ರ ಕಾಟನ್ ಪ್ರಕರಣದಲ್ಲಿ ಪ್ರಮಾಣದ ಉಲ್ಲೇಖ ಬಿಟ್ಟುಹೋಗಿದ್ದರೂ, ಸಾಕ್ಷ್ಯ ಪ್ರಬಲವಾಗಿದ್ದುದರಿಂದ ಶಿಕ್ಷೆ ಉಳಿಯಿತು.

ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲೇ ಮಾದರಿ ತೆಗೆಯಬೇಕೆಂದು 52ಎ ಕಲಮನ್ನು ಆಧರಿಸಿ 2016ರ ಮೋಹನ್‌ಲಾಲ್ ತೀರ್ಪು ಹೇಳಿದ ಮೇಲೆ ವಕೀಲರ ಗಮನವೆಲ್ಲ ಮಾದರಿಯನ್ನು ಯಾರು, ಯಾವಾಗ ತೆಗೆದರು ಎಂಬುದರ ಮೇಲಿದೆ. ಎಷ್ಟು ಪೊಟ್ಟಣಗಳಿಂದ ತೆಗೆದರು ಎಂಬುದು ಹಿಂದೆ ಬಿದ್ದಿದೆ. ಕನಿಷ್ಠಕ್ಕಿಂತ ಹೆಚ್ಚು ಶಿಕ್ಷೆ ಕೊಡುವಾಗಲೂ ಪ್ರಮಾಣವನ್ನು ಪರಿಗಣಿಸಬಹುದೆಂದು 2019ರ ರಫೀಕ್ ಕುರೇಶಿ ತೀರ್ಪು ಹೇಳಿರುವುದರಿಂದ ಈ ಲೆಕ್ಕದ ತೂಕ ಇನ್ನೂ ಹೆಚ್ಚಿದೆ. ದೊಡ್ಡ ಸರಕಿನಲ್ಲಿ ಗುಂಪಿನ ಮಾದರಿ ಯಾವ ಮಟ್ಟದ ಖಚಿತತೆ ಕೊಟ್ಟರೆ ಸಂಶಯಾತೀತ ಎನ್ನಬಹುದು ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಹುಡುಕಿಲ್ಲ. ಅದಕ್ಕೆ ಸಂಖ್ಯಾಶಾಸ್ತ್ರಜ್ಞರ ನೆರವು ಬೇಕು. ಅಲ್ಲಿಯವರೆಗೆ ವಿಚಾರಣಾ ನ್ಯಾಯಾಲಯಗಳು ವಶವಾದ ತೂಕವನ್ನೂ ಪರೀಕ್ಷೆಯಿಂದ ರುಜುವಾತಾದ ತೂಕವನ್ನೂ ತೀರ್ಪಿನಲ್ಲಿ ಬೇರೆ ಬೇರೆಯಾಗಿ ದಾಖಲಿಸುವುದು ಉಚಿತ.