ಒಂದೇ ಬೇರು, ಎರಡು ಬೆಲೆ

ಮುಂಬೈಯ ದುಬಾರಿ ಅಂಗಡಿಗಳಲ್ಲಿ ನಾನು ನೋಡುವ, ‘ಎಂಡೈವ್’ ಎಂಬ ಚೀಟಿ ಹೊತ್ತ ಬಿಳಿ ಮೊಗ್ಗಿನಂಥ ಸೊಪ್ಪು ನಿಜಕ್ಕೂ ನಮ್ಮ ಫಿಲ್ಟರ್ ಕಾಫಿಯ ಚಿಕೋರಿಯೇ. ನಿಜವಾದ ಎಂಡೈವ್ ಅದರ ತಂಗಿ. 1753ರಲ್ಲಿ ಲಿನೇಯಸ್ ಇವೆರಡನ್ನೂ ಒಂದೇ ಕುಲದ ಬೇರೆ ಬೇರೆ ಪ್ರಭೇದಗಳೆಂದು ದಾಖಲಿಸಿದ. ಎಂಡೈವ್ ಒಂದೆರಡು ವರ್ಷದಲ್ಲೇ ಮುಗಿಯುವ ಗಿಡ, ಬೆಳೆಯುವುದು ಎಲೆಗಾಗಿ. ಚಿಕೋರಿ ಬಹುವಾರ್ಷಿಕ, ಬೇರು ದಪ್ಪ.

ಆ ಬೇರೇ ಅದರ ಚರಿತ್ರೆ. 1806ರಲ್ಲಿ ನೆಪೋಲಿಯನ್ ಬ್ರಿಟನ್ನಿನ ಸರಕಿಗೆ ಯುರೋಪಿನ ಬಂದರುಗಳನ್ನು ಮುಚ್ಚಿಸಿದಾಗ ಕಾಫಿಗೆ ಬರ ಬಂತು. ಹುರಿದ ಚಿಕೋರಿ ಲೋಟ ತುಂಬಿತು. ಅದೇ ಶತಮಾನದಲ್ಲಿ ಬ್ರಸೆಲ್ಸ್‌ನವರು ಆ ಬೇರನ್ನು ಕತ್ತಲಲ್ಲಿಟ್ಟು ಬಿಳಿ ಚಿಗುರು ತೆಗೆದರು. ಫ್ರೆಂಚರು ಅದನ್ನು ತಂಗಿಯ ಹೆಸರಿನಿಂದ ಕರೆದರು.

ಕಾಫಿಯಲ್ಲಿ ‘ಕಲಬೆರಕೆ’ ಎಂದು ಮೂಗು ಮುರಿಯುವ ಗೆಳೆಯರು ಸಲಾಡಿನಲ್ಲಿ ಅದನ್ನೇ ಮೆಚ್ಚಿ ತಿನ್ನುತ್ತಾರೆ. ಗಿಡ ಬದಲಾಗಿಲ್ಲ, ಹೆಸರಷ್ಟೇ.